ಅಂಚಿನಲ್ಲೊಂದು ಅಂಕೆ

ಮಾರ್ಚ್ 25, 1987. ಬುಧವಾರ

ಟಪಾಲು ಚೀಲ ಒಂಬತ್ತು ಇಪ್ಪತ್ತರ ಬಸ್ಸಿಗೆ ಬಂತು. ಅರಗು ಸರಿ ಇತ್ತು. ದಾರ ಸರಿ ಇತ್ತು. ಆದರೂ ಎರಡು ಸಲ ನೋಡಿದೆ. ಈ ಆಫೀಸಿಗೆ ವರ್ಗವಾಗಿ ಬಂದು ಆರು ದಿನ. ಹಿಂದಿನ ಸಬ್ ಪೋಸ್ಟ್ ಮಾಸ್ಟರ್ ಎಲ್ಲವನ್ನೂ ಪೋಸ್ಟ್‌ಮ್ಯಾನ್ ಶೇಖರನ ಕೈಗೆ ಬಿಟ್ಟು ಪೇಪರ್ ಓದುತ್ತ ಕೂರುತ್ತಿದ್ದರಂತೆ. ನಾನು ಹಾಗೆ ಬಿಡುವವನಲ್ಲ. ಚೀಲ ಒಡೆಯುವುದು ನಾನು, ಸೀಲು ಹೊಡೆಯುವುದು ನಾನು, ವಿಂಗಡಿಸುವುದೂ ನಾನೇ.

ನಡುವೆ ಒಂದು ಕವರು — ಲೂಯಿಸ್‌ಗೆ. ನನ್ನ ತಮ್ಮ ಲೂಯಿಸ್‌ಗೆ!

ವಿಳಾಸ ಕನ್ನಡದಲ್ಲಿ. ನೇರಳೆ ಪೆನ್ಸಿಲು. ಕಳುಹಿಸಿದವರ ಹೆಸರಿಲ್ಲ. ಉಡುಪಿಯ ಸೀಲು.

ಶೇಖರ ಹೇಳಿದ, "ಅದು ವಾರ ವಾರ ಬರ್ತದೆ ಸರ್. ಒಂದು ವರ್ಷ ಆಯ್ತು."

"ನನಗೆ ಯಾಕೆ ಹೇಳ್ಲಿಲ್ಲ?"

"ಒಬ್ಬರ ಕಾಗದದ ಸುದ್ದಿ ಇನ್ನೊಬ್ಬರಿಗೆ ಹೇಳ್ಲಿಕ್ಕೆ ಉಂಟಾ ಸರ್?"

ನಗುತ್ತಾ ಹೇಳಿದ. ನಗುವಂಥದ್ದು ಇದರಲ್ಲಿ ಎಂತ ಇತ್ತು?

ಕವರನ್ನು ಅವನ ಕೈಗೆ ಕೊಟ್ಟೆ. ಬೇರೆ ದಾರಿ ಇರಲಿಲ್ಲ. ಸಂಜೆ ಲೂಯಿಸ್‌ನ ಮುಖ ನೋಡಿದೆ. ಮಲ್ಲಿಗೆ ಗಿಡಗಳಿಗೆ ನೀರು ಹಾಕುತ್ತಿದ್ದ. ಕಾಗದದ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಕೇಳುವುದು ಹೇಗೆ? ನಾಲ್ಕು ವರ್ಷದ ಹಿಂದೆ ಕುವೈತಿನಲ್ಲಿ ಇವನಿಗೆ ಶುರುವಾದದ್ದೇ ಕಾಗದದಿಂದ. ಬಂದ ಪ್ರತಿ ಕಾಗದದಲ್ಲೂ ಯಾರೋ ಗುಟ್ಟಾಗಿ ತನಗೆ ಬೆದರಿಕೆ ಹಾಕುತ್ತಿದ್ದಾರೆ ಎಂದು. ಹನ್ನೊಂದು ದಿನ ಕಣ್ಣು ಮುಚ್ಚಲಿಲ್ಲವಂತೆ. ಕಂಪನಿಯವರು ವಿಮಾನ ಹತ್ತಿಸಿ ಕಳುಹಿಸಿದರು. ನೇರ ಮಣಿಪಾಲ. ಅಂದಿನಿಂದ ದಿನಾ ಮಾತ್ರೆ, ತಿಂಗಳಿಗೊಮ್ಮೆ ಡಾಕ್ಟರು. ಈಗ ಏನೂ ಇಲ್ಲ. ಬೆಳಗಾಗುವ ಮೊದಲೇ ಎದ್ದು ಮಲ್ಲಿಗೆ ಕೊಯ್ಯುತ್ತಾನೆ, ಕಟಪಾಡಿಗೆ ಕೊಂಡುಹೋಗಿ ಕೊಟ್ಟು ಬರುತ್ತಾನೆ. ಟೆನ್ಶನ್ ಕೊಡಬೇಡಿ ಎಂದಿದ್ದಾರೆ ಡಾಕ್ಟರು. ಊರಿನವರಿಗೆ ನಾವು ಹೇಳಿರುವುದು — ಬೆನ್ನು ನೋವು.

ಏಪ್ರಿಲ್ 1, ಬುಧವಾರ

ಇವತ್ತು ಬಂತು. ಕಾಪುವಿನ ಸೀಲು.

ಕಾಪು ಎಂದ ಕೂಡಲೇ ಕವರನ್ನು ಬೆಳಕಿಗೆ ಹಿಡಿದು ಸೀಲನ್ನು ಇನ್ನೊಮ್ಮೆ ನೋಡಿದೆ. ತಂಗಿ ಸೆಲೀನಳಿಗೆ ಗೊತ್ತಾದ ಹುಡುಗ ಕಾಪುವಿನವನು. ಮೌರಿಸ್. ಹೈಸ್ಕೂಲು ಮಾಸ್ಟರು. ಮೇ ಇಪ್ಪತ್ತಕ್ಕೆ ಮದುವೆ. ಅವಳಿಗೆ ಈಗ ಇಪ್ಪತ್ತೊಂಬತ್ತು. ಎರಡು ಸಂಬಂಧ ಮಾತಿನವರೆಗೆ ಬಂದು ತಪ್ಪಿಹೋಗಿವೆ. ಯಾಕೆ ತಪ್ಪಿತೆಂದು ಯಾರೂ ಹೇಳಲಿಲ್ಲ, ನಮಗೆ ಗೊತ್ತಿತ್ತು. ಇದೂ ತಪ್ಪಿದರೆ ಅವಳು ಈ ಮನೆಯಲ್ಲೇ ಹೂ ಕಟ್ಟುತ್ತ ಮುದುಕಿಯಾಗುತ್ತಾಳೆ. ಅದನ್ನು ನಾನು ನೋಡಲಾರೆ.

ಶೇಖರ ಹೊರಗೆ ಸೈಕಲ್ ಒರೆಸುತ್ತಿದ್ದ. ಕವರನ್ನು ಲೆಡ್ಜರಿನ ಅಡಿಗೆ ಸರಿಸಿದೆ. ಮಧ್ಯಾಹ್ನ ಚಹದ ಪಾತ್ರೆಯ ಉಗಿಗೆ ಹಿಡಿದೆ. ಅಂಟು ಬಿಡಿಸುವುದನ್ನು ಇಪ್ಪತ್ತೆರಡು ವರ್ಷ ಸರ್ವಿಸಿನವನಿಗೆ ಯಾರೂ ಕಲಿಸಬೇಕಾಗಿಲ್ಲ. ಇದುವರೆಗೆ ಒಬ್ಬರ ಪೋಸ್ಟ್ ಕಾರ್ಡನ್ನೂ ಓದಿದವನಲ್ಲ ನಾನು.

ಒಳಗೆ ಕಾಗದವಿಲ್ಲ. ಪೇಪರಿನಿಂದ ಕತ್ತರಿಸಿದ ಒಂದು ಚೂರು. ಹಳೇ ಹುಚ್ಚರ ಕಾಯ್ದೆಯನ್ನು ತೆಗೆದು ಪಾರ್ಲಿಮೆಂಟು ಹೊಸದು ತರುತ್ತಿದೆ ಎಂಬ ಸುದ್ದಿ. 'ಇನ್ನು ಹುಚ್ಚ ಎನ್ನುವಂತಿಲ್ಲ, ಮಾನಸಿಕ ರೋಗಿ ಎನ್ನಬೇಕು' — ಈ ಸಾಲಿನ ಅಡಿಯಲ್ಲಿ ನೇರಳೆ ಗೆರೆ. ಅಂಚಿನಲ್ಲಿ ಒಂದು ಅಂಕೆ. 7. ಅಷ್ಟೇ.

ಯಾವನೋ ತಿಳಿದುಕೊಂಡಿದ್ದಾನೆ.

ಮತ್ತೆ ಅಂಟಿಸಿ ಶೇಖರನ ಕಟ್ಟಿಗೆ ಸೇರಿಸಿದೆ. ಯಾರಿಗೂ ಗೊತ್ತಾಗಲಿಲ್ಲ ಎಂದು ಕಾಣುತ್ತದೆ.

ಏಪ್ರಿಲ್ 8

ಮಣಿಪಾಲದ ಸೀಲು. ವಾರಪತ್ರಿಕೆಯ ಡಾಕ್ಟರ್ ಅಂಕಣದ ಒಂದು ಪ್ರಶ್ನೋತ್ತರ. 'ಮಾತ್ರೆಯನ್ನು ಎಷ್ಟು ವರ್ಷ ತಿನ್ನಬೇಕು?' ಅಂಚಿನಲ್ಲಿ 6.

ಹೋದ ವಾರ ಏಳು, ಈ ವಾರ ಆರು. ಕ್ಯಾಲೆಂಡರು ತೆಗೆದು ನೋಡಿದೆ. ಏಪ್ರಿಲ್ ಒಂದರಿಂದ ಮೇ ಇಪ್ಪತ್ತಕ್ಕೆ ಸರಿಯಾಗಿ ಏಳು ವಾರ. ಇವತ್ತಿನಿಂದ ಆರು.

ಇವನು ದಿನ ಎಣಿಸುತ್ತಿದ್ದಾನೆ.

ಏಪ್ರಿಲ್ 12, ಗರಿಗಳ ಭಾನುವಾರ

ಯಾರು? ಕೂತು ಲೆಕ್ಕ ಹಾಕಿದೆ. ಉಡುಪಿ, ಕಾಪು, ಮಣಿಪಾಲ. ವಾರದಲ್ಲಿ ಈ ಮೂರು ಕಡೆಗೂ ತಿರುಗುವವನು ಯಾರು? ದಲ್ಲಾಳಿ ಕಜೆಟನ್. ಕೊಡೆ ಹಿಡಿದುಕೊಂಡು ಮನೆ ಮನೆ ಸುತ್ತಿ ಸಂಬಂಧ ಕುದುರಿಸುವುದೇ ಕಸುಬು. ಮೌರಿಸನ ಸಂಬಂಧ ತಂದವನೂ ಅವನೇ. ಲೂಯಿಸ್‌ಗೆ ಬೆನ್ನು ನೋವು ಎಂದು ಕಾಪುವಿನಲ್ಲಿ ಹೇಳಿದವನೂ ಅವನೇ. ಹೇಳುವಾಗ ನನ್ನನ್ನು ಒಂದು ನಮೂನೆ ನೋಡಿದ್ದ.

ಅವನ ಮನೆ ಸಂತೆಕಟ್ಟೆಯಲ್ಲಿ. ಸಂತೆಕಟ್ಟೆ ಕಡೆಯ ಸೀಲು ಒಂದೂ ಬಂದಿಲ್ಲ. ಅದೇ ದೊಡ್ಡ ಸಾಕ್ಷಿ. ತನ್ನ ಊರಿನ ಡಬ್ಬಿಗೆ ಹಾಕುವಷ್ಟು ಪೆದ್ದನಲ್ಲ ಅವನು.

ಇವತ್ತು ಪೂಜೆ ಮುಗಿಸಿ ಮನೆಗೆ ಬರುವಾಗ ದಾರಿಯಲ್ಲಿ ಸಿಕ್ಕಿದ. ಕೈಯಲ್ಲಿ ಅವನ ಇಗರ್ಜಿಯಲ್ಲಿ ಕೊಟ್ಟ ಹಬ್ಬದ ಗರಿ. "ಲೂಯಿಸ್ ಹೇಗಿದ್ದಾನೆ?" ಎಂದು ಕೇಳಿದ. ಅಮ್ಮನನ್ನು ಕೇಳಲಿಲ್ಲ, ಸೆಲೀನಳನ್ನು ಕೇಳಲಿಲ್ಲ. ಲೂಯಿಸ್‌ನನ್ನೇ ಕೇಳಿದ.

ಏಪ್ರಿಲ್ 15

ಉಡುಪಿಯ ಸೀಲು. 5. ಈ ಸಲ ಚೂರಿನಲ್ಲಿ ದೊಡ್ಡ ಅಕ್ಷರ: 'ಬಸ್ ನಿಲ್ದಾಣದಲ್ಲಿ ಹುಚ್ಚನ ರಂಪಾಟ'. 'ಹುಚ್ಚ' ಎಂಬುದರ ಸುತ್ತಲೂ ನಾಲ್ಕೈದು ಸಲ ಗೀಚಿ ಪೇಪರು ಹರಿದಿದೆ. ಒಬ್ಬ ಕಾಯಿಲೆಯ ಮನುಷ್ಯನಿಗೆ ಇಂಥದ್ದನ್ನು ಕಳುಹಿಸುವವನು ಎಂಥ ಜಾತಿಯ ಪ್ರಾಣಿ?

ಆದರೂ ಅಂಟಿಸಿ ಕೊಟ್ಟೆ. ಓದಿ ಲೂಯಿಸ್‌ಗೆ ಏನಾದರೂ ಆಗುತ್ತದಾ ಎಂದು ಸಂಜೆಯಿಡೀ ಕಾದೆ. ಆಯಿತು. ಅನ್ನ ಅರ್ಧಕ್ಕೆ ಬಿಟ್ಟ. ಆಮೇಲೆ ಕೂತು ಏನೋ ಬರೆದ. ಇನ್ನೊಂದು ಕಾಗದ ಬರೆಯಲು ಇನ್‌ಲ್ಯಾಂಡ್ ಬೇಕು ಎಂದು ಸೆಲೀನಳ ಹತ್ತಿರ ಕೇಳಿದನಂತೆ.

ಸಾಕು. ಇನ್ನು ಒಂದನ್ನೂ ಮನೆಗೆ ಬಿಡುವುದಿಲ್ಲ.

ಏಪ್ರಿಲ್ 22, ಬುಧವಾರ

ಈಸ್ಟರ್ ಆಯಿತು. ವಾರವಿಡೀ ಬರೆಯಲು ಮನಸ್ಸಿರಲಿಲ್ಲ. ಪೇಪರ್ ತುಂಬ ಫಿರಂಗಿ ಲಂಚದ ಗಲಾಟೆ. ಜನರಿಗೆಲ್ಲ ದೇಶದ ಚಿಂತೆ, ನನಗೊಬ್ಬನಿಗೆ ಬುಧವಾರದ ಚಿಂತೆ.

ಬಂತು. ಕಾರ್ಕಳದ ಸೀಲು. 4. ಮದುವೆಗೆ ನಾಲ್ಕೇ ವಾರ, ಒಂದು ದಿನ ಹೆಚ್ಚಿಲ್ಲ ಕಡಿಮೆಯಿಲ್ಲ. ಚೂರಿನಲ್ಲಿ ಮಣಿಪಾಲದಲ್ಲಿ ರೋಗಿಗಳ ಮನೆಯವರಿಗಾಗಿ ಆದ ಒಂದು ಸಭೆಯ ವರದಿ. ಕಜೆಟನ್‌ನ ಅಕ್ಕನನ್ನು ಕೊಟ್ಟದ್ದು ಕಾರ್ಕಳಕ್ಕೆ. ಈಸ್ಟರಿಗೆ ಅಲ್ಲಿಗೇ ಹೋಗಿದ್ದಾನೆ. ಇನ್ನು ಸಂಶಯವಿಲ್ಲ.

ಕವರನ್ನು ನನ್ನ ಖಾನೆಗೆ ಹಾಕಿ ಬೀಗ ಹಾಕಿದೆ. ಇದು ಅಪರಾಧ. ಗೊತ್ತು. ಕೆಲಸ ಹೋಗಬಹುದು, ಜೈಲೂ ಆಗಬಹುದು. ಮೇ ಇಪ್ಪತ್ತು ಕಳೆಯಲಿ.

ಶೇಖರ ವಿಂಗಡಿಸಿದ ಕಟ್ಟು ತೆಗೆದುಕೊಳ್ಳುತ್ತಾ, "ಲೂಯಿಸಣ್ಣನಿಗೆ ಇವತ್ತು ಇಲ್ವಾ?" ಎಂದ.

"ಇಲ್ಲ."

ಅವನು ಇನ್ನೊಮ್ಮೆ ಮೇಜು ನೋಡಿದ. ಇವನಿಗೂ ಪಾಲುಂಟೋ ಏನೋ.

ಏಪ್ರಿಲ್ 24

ಲೂಯಿಸ್‌ಗೆ ಹೇಳಿದೆ, ಮದುವೆ ಆಗುವವರೆಗೆ ನೀನು ಕಟಪಾಡಿಗೆ ಹೋಗಬೇಡ, ಹೂ ನಾನು ಸೈಕಲಿನಲ್ಲಿ ಕೊಂಡುಹೋಗುತ್ತೇನೆ. ಬಿಸಿಲು ಎಂದೆ. ಮದುವೆಯ ದಿನವೂ ಅವನು ಮನೆಯಲ್ಲೇ ಇದ್ದರೆ ಒಳ್ಳೆಯದು, ಮನೆ ಕಾಯಲು ಒಬ್ಬರು ಬೇಕಲ್ಲ ಎಂದು ಅಮ್ಮನ ಹತ್ತಿರ ಮೊದಲೇ ಮಾತಾಡಿ ಇಟ್ಟಿದ್ದೇನೆ. ಅಮ್ಮ ಜಪಸರ ಎಣಿಸುತ್ತಿದ್ದಳು.

ಲೂಯಿಸ್ ಹೇಳಿದ, "ಕಟಪಾಡಿಗೆ ಒಂದು ಸಲ ಹೋಗಲೇಬೇಕಿತ್ತು ಅಣ್ಣ. ಬಸ್ಸಿನಲ್ಲಿ ಒಬ್ಬನನ್ನು ನೋಡ್ಲಿಕ್ಕಿತ್ತು."

"ಯಾರನ್ನು?"

"ಒಬ್ಬನನ್ನು."

ನಾನು ಮತ್ತೆ ಕೇಳಲಿಲ್ಲ. ಅವನು ಗೇಟು ದಾಟಲಿಲ್ಲ.

ಏಪ್ರಿಲ್ 26, ಭಾನುವಾರ

ಇಗರ್ಜಿಯಲ್ಲಿ ಮದುವೆಯ ಮೊದಲ ಪ್ರಕಟಣೆ. ಮೂರು ಭಾನುವಾರ ಓದುತ್ತಾರೆ — ಇಂಥವರ ಮಗಳು, ಇಂಥವರ ಮಗ, ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ಇಗರ್ಜಿಯ ವಿಗಾರ್ ಫಾದರಿಗೆ ತಿಳಿಸಬೇಕು. ಚಿಕ್ಕಂದಿನಿಂದ ಕೇಳಿದ್ದೇನೆ. ಯಾವತ್ತೂ ಯಾರೂ ಎದ್ದದ್ದಿಲ್ಲ. ಇವತ್ತು ಫಾದರ್ ಆ ಸಾಲು ಓದಿ ಒಂದು ಉಸಿರು ನಿಲ್ಲಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡಿದೆ. ಕಜೆಟನ್! ಅವನ ಇಗರ್ಜಿ ಬೇರೆ. ಇಲ್ಲಿಗೆ ಯಾಕೆ ಬಂದ?

ಸೆಲೀನ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು. ಪಾಪದ ಹುಡುಗಿ.

ಏಪ್ರಿಲ್ 29

ಕಾರ್ಕಳ. ಮೂರು ಇರಬೇಕಿತ್ತು. 2!

ಮೂರನ್ನು ಯಾಕೆ ಬಿಟ್ಟ? ಅವಸರವಾಗಿದೆ ಅವನಿಗೆ. ಅಕ್ಷರವೂ ಸೊಟ್ಟಗೆ, ಪೆನ್ಸಿಲು ಒತ್ತಿ ಒತ್ತಿ. ಚೂರಿನಲ್ಲಿ ವಕೀಲರೊಬ್ಬರ ಲೇಖನ. ಮನೋರೋಗದ ಕಾರಣಕ್ಕೆ ಮದುವೆ ಮುರಿಯಬಹುದೇ? ಇನ್ನೆಂತ ಬೇಕು? ಬಾಯಿ ಬಿಟ್ಟು ಹೇಳಿದ ಹಾಗೆಯೇ ಆಯಿತು.

ಸೀದಾ ಕಟಪಾಡಿಗೆ ಹೋದೆ. ಹೋಟೆಲಿನಲ್ಲಿ ಕಜೆಟನ್ ಬನ್ಸ್ ತಿನ್ನುತ್ತಿದ್ದ. ಎದುರು ಕೂತೆ.

"ನಿನಗೆ ಎಂತ ಬೇಕು, ಅದನ್ನು ಹೇಳು. ಬುಧವಾರ ಬುಧವಾರ ಹೀಗೆ ಸಾಯಿಸ್ಬೇಡ."

"ಎಂತ ಮಾರಾಯಾ? ಯಾವ ಬುಧವಾರ?"

"ನೇರಳೆ ಪೆನ್ಸಿಲು ಉಂಟಲ್ಲ ನಿನ್ನ ಹತ್ತಿರ, ತೋರಿಸು."

ಅವನು ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟ. ನೀಲಿ. "ನಿನಗೆ ಹುಷಾರುಂಟಾ ವ್ಯಾಲೆಂಟೈನ್? ಕಣ್ಣು ಒಳಗೆ ಹೋಗಿದೆ. ಮದುವೆ ಕೆಲಸ ಅಂತ ಊಟ ನಿದ್ದೆ ಬಿಡ್ಬೇಡ." ನನ್ನ ಚಹದ ಬಿಲ್ಲನ್ನೂ ಅವನೇ ಕೊಟ್ಟ. ಚೆನ್ನಾಗಿ ನಾಟಕ ಮಾಡುತ್ತಾನೆ.

ಏಪ್ರಿಲ್ 30

ಲೂಯಿಸ್ ಕೇಳಿದ, "ಅಣ್ಣ, ನಿನಗೆ ನಿದ್ದೆ ಬರ್ತದಾ?"

ಯಾಕೆ ಕೇಳಿದ? ಯಾರು ಹೇಳಿಕೊಟ್ಟರು ಇದನ್ನು ಕೇಳಲು?

ಅವನ ಕೋಣೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದಲ್ಲೂ ಒಂದು ಅಂಕೆ. 7, 8, 7, 7. ಕೊಯ್ದ ಹೂವಿನ ಲೆಕ್ಕ ಇರಬೇಕು.

ಮೇ 3, ಭಾನುವಾರ

ಎರಡನೆಯ ಪ್ರಕಟಣೆ. ಯಾರೂ ಕೆಮ್ಮಲಿಲ್ಲ. ಅದೂ ಸರಿ ಕಾಣಲಿಲ್ಲ.

ಮೇ 6

ಕಾರ್ಕಳ. ಇದನ್ನು ಒಡೆಯಲಿಲ್ಲ. ಉಗಿಗೆ ಹಿಡಿಯುವಷ್ಟು ಧೈರ್ಯ ಉಳಿದಿಲ್ಲ. ವಿಳಾಸದಲ್ಲಿ ನಮ್ಮ ಊರಿನ ಹೆಸರು ಅರ್ಧಕ್ಕೆ ನಿಂತಿದೆ. ಹೇಗೆ ಬಂದು ತಲುಪಿತೋ. ಖಾನೆಗೆ ಹಾಕಿದೆ.

ಶೇಖರ ಹೇಳಿದ, "ಲೂಯಿಸಣ್ಣ ಗೇಟಿನಲ್ಲಿ ನಿಂತು ಕಾಯ್ತಾರೆ ಸರ್. ಮೂರು ವಾರ ಆಯ್ತು. ಇಲ್ಲ ಹೇಳ್ಲಿಕ್ಕೆ ನನಗೆ ಬೇಜಾರಾಗ್ತದೆ." ಬೀಗದ ಖಾನೆಯ ಕಡೆ ನೋಡಿದ ಹಾಗೆ ಅನಿಸಿತು.

ಮೇ 10, ಭಾನುವಾರ. ಬೆಳಿಗ್ಗೆ 11

ಲೂಯಿಸ್ ಇಲ್ಲ.

ಹೂವಿನ ಬುಟ್ಟಿ ಜಗಲಿಯಲ್ಲಿ ತುಂಬಿಸಿ ಇಟ್ಟಿದ್ದಾನೆ. ಮೇಲೆ ಒದ್ದೆ ಬಟ್ಟೆ. ಬಿಳಿ ಅಂಗಿ ಹಾಕಿಕೊಂಡು ಹೋದ, ಒಬ್ಬನನ್ನು ನೋಡಿ ಬರುತ್ತೇನೆ, ಮೂರು ವಾರ ಆಯಿತು ಎಂದ — ಅಮ್ಮ ಹೇಳುತ್ತಾಳೆ. ಮಾತ್ರೆಯ ಡಬ್ಬಿಯನ್ನೂ ತೆಗೆದುಕೊಂಡು ಹೋಗಿದ್ದಾನೆ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದಿಲ್ಲ.

ಇಗರ್ಜಿಗೆ ಹೋಗಲೇಬೇಕಿತ್ತು. ಮೂರನೆಯ ಪ್ರಕಟಣೆ ಓದುವಾಗ ನಾವು ಮೂವರೇ. ಮಂಡಿಯೂರಿ ಕೂತು ದೇವರ ಹತ್ತಿರ ಬೇಡಿದ್ದು ಅವನು ಸಿಗಲಿ ಎಂದಲ್ಲ, ಯಾರೂ ಅವನನ್ನು ನೋಡದಿರಲಿ ಎಂದು. ಇದನ್ನು ಬರೆದು ಇಡುತ್ತೇನೆ. ನಾಚಿಕೆಯಾಗುತ್ತದೆ.

ಸಂಜೆ

ಕಟಪಾಡಿ, ಉದ್ಯಾವರ, ಉಡುಪಿ ಬಸ್‌ಸ್ಟ್ಯಾಂಡ್ — ಎಲ್ಲೂ ಇಲ್ಲ. ಉದ್ಯಾವರದ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಹೊಳೆಯ ನೀರು ನೋಡಿದೆ. ಎಷ್ಟು ಹೊತ್ತು ನಿಂತೆನೋ. ಯಾರೋ ಲಾರಿಯವನು ಬೈದು ಹೋದ. ಆಗ ಮಾತ್ರ ಬೇಡಿದೆ, ಸಿಗಲಿ, ಮದುವೆ ಹಾಳಾಗಿ ಹೋಗಲಿ, ಅವನು ಸಿಗಲಿ.

ಮೇ 11, ಸೋಮವಾರ

ಆಫೀಸಿನ ಫೋನು ಹತ್ತೂಕಾಲಿಗೆ ಹೊಡೆಯಿತು. ಮಣಿಪಾಲದಿಂದ.

"ಅಣ್ಣ, ನಾನು. ಆಸ್ಪತ್ರೆಯಲ್ಲಿದ್ದೇನೆ."

"ಯಾವ ವಾರ್ಡು?"

"ನಾನು ಹೊರಗೆ ಬೆಂಚಿನಲ್ಲಿ. ವಾರ್ಡಿನಲ್ಲಿ ಇರೋದು ಕರುಣಾಕರ."

ಕರುಣಾಕರ ಯಾರು? ಶೇಖರನಿಗೆ ಕೌಂಟರು ಬಿಟ್ಟು ಬಸ್ಸು ಹತ್ತಿದೆ.

ಬೆಂಚಿನಲ್ಲಿ ಲೂಯಿಸ್, ಪಕ್ಕದಲ್ಲಿ ಒಬ್ಬಳು ಮುದುಕಿ. ಬಿಳಿ ಅಂಗಿಯ ಒಂದು ತೋಳು ಹರಿದಿತ್ತು. ಗಡ್ಡ ಬಂದಿತ್ತು. ಕಣ್ಣು ಮಾತ್ರ ತಿಳಿಯಾಗಿತ್ತು. ನನ್ನ ಕಣ್ಣಿಗಿಂತ ತಿಳಿ. ಮುದುಕಿಯ ಹೆಸರು ಅಕ್ಕು, ಕರುಣಾಕರನ ತಾಯಿ. ನನ್ನ ಕೈ ಹಿಡಿದುಕೊಂಡು, "ಈ ಪೊರ್ಬು ಬಾರದೆ ಇದ್ರೆ ನನ್ನ ಮಗ ಉಳೀತಿರ್ಲಿಲ್ಲ" ಎಂದಳು. ನಮ್ಮ ಕ್ರೈಸ್ತರನ್ನು ತುಳುವರು ಮರ್ಯಾದೆಯಿಂದ ಕರೆಯುವುದು ಹಾಗೆ.

ಲೂಯಿಸ್ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

ಕರುಣಾಕರ ಬಸ್ ಕಂಡಕ್ಟರು. ಕಾರ್ಕಳ, ಮಣಿಪಾಲ, ಉಡುಪಿ, ಕಾಪು — ಅದೇ ಅವನ ರೂಟು. ಬಸ್ಸು ಎಲ್ಲಿ ನಿಂತಿತೋ ಅಲ್ಲಿಯ ಡಬ್ಬಿಗೆ ಕಾಗದ ಹಾಕುತ್ತಿದ್ದ. ಇಬ್ಬರಿಗೂ ಪರಿಚಯವಾದದ್ದು ಎರಡು ವರ್ಷದ ಹಿಂದೆ ಇದೇ ಬೆಂಚಿನಲ್ಲಿ, ಡಾಕ್ಟರಿಗಾಗಿ ಕಾಯುವಾಗ. ಇಬ್ಬರಿಗೂ ಒಂದೇ ಮಾತ್ರೆ. ಪ್ರಯಾಣಿಕರು ಸೀಟಿನಲ್ಲಿ ಬಿಟ್ಟುಹೋದ ಪೇಪರುಗಳನ್ನು ಕರುಣಾಕರ ಸೇರಿಸಿಡುತ್ತಾನೆ. ಈ ಕಾಯಿಲೆಯ ಬಗ್ಗೆ, ಕಾಯ್ದೆಯ ಬಗ್ಗೆ ಎಲ್ಲಿ ಏನು ಬಂದರೂ ಕತ್ತರಿಸಿ ಕಳುಹಿಸುತ್ತಾನೆ. ಯಾವ ಪೇಪರು 'ಹುಚ್ಚ' ಎಂದು ಬರೆಯಿತೋ ಅದಕ್ಕೆ ಲೂಯಿಸ್ ಓದುಗರ ಪತ್ರ ಬರೆಯುತ್ತಾನೆ. ಒಂದು ವರ್ಷದಲ್ಲಿ ಹದಿನಾಲ್ಕು ಬರೆದಿದ್ದಾನಂತೆ. ಒಂದನ್ನೂ ಹಾಕಲಿಲ್ಲ.

"ಅಂಚಿನಲ್ಲಿ ಅಂಕೆ?" ಎಂದೆ. ಬಾಯಿ ತಪ್ಪಿ ಬಂತು. ಲೂಯಿಸ್ ಗಮನಿಸಲಿಲ್ಲವೋ, ಗಮನಿಸಿ ಸುಮ್ಮನಿದ್ದನೋ.

"ಅದು ನಿದ್ದೆಯ ಗಂಟೆ ಅಣ್ಣ. ದಿನಾ ಬರ್ದಿಡ್ಬೇಕು ಅಂತ ಡಾಕ್ಟರು ಹೇಳಿದ್ದು. ನನ್ನದು ಕ್ಯಾಲೆಂಡರಿನಲ್ಲಿ ಉಂಟಲ್ಲ. ಅವನದ್ದನ್ನು ನನಗೆ ಕಳಿಸ್ತಾನೆ, ನನ್ನದನ್ನು ನಾನು ಅವನಿಗೆ. ಐದಕ್ಕಿಂತ ಕೆಳಗೆ ಇಳಿದ್ರೆ ಇನ್ನೊಬ್ಬ ಹೋಗಿ ಡಾಕ್ಟರ ಹತ್ರ ಕರ್ಕೊಂಡು ಬರ್ಬೇಕು. ಕಾಗದವೇ ನಿಂತ್ರೆ ಮೂರು ವಾರ ನೋಡ್ಬೇಕು, ಆಮೇಲೆ ಹೋಗ್ಲೇಬೇಕು. ಹಾಗೆ ಮಾತಾಡಿಕೊಂಡಿದ್ದೇವೆ."

ಮತ್ತೆ ಹೇಳಿದ, "ಈಸ್ಟರಿನ ಮೊದಲು ಐದು ಬಂದಿತ್ತು. ಹೆಂಡ್ತಿ ಕಡೆಯಿಂದ ವಕೀಲರ ನೋಟೀಸು ಬಂದಿತ್ತಂತೆ ಅವನಿಗೆ. ಡಾಕ್ಟರ ಹತ್ರ ಹೋಗು ಅಂತ ಬರೆದೆ. ಆಮೇಲೆ ಕಾಗದವೇ ಇಲ್ಲ. ಬಸ್ಸಿನಲ್ಲಿ ನೋಡುವ ಅಂದ್ರೆ ನೀನು ಕಟಪಾಡಿಗೆ ಹೋಗ್ಬೇಡ ಹೇಳಿದಿ."

ಭಾನುವಾರ ಇವನು ಕಾರ್ಕಳದ ಅವನ ಮನೆಗೆ ಹೋದಾಗ ಕರುಣಾಕರ ಬಾವಿಕಟ್ಟೆಯ ಮೇಲೆ ಕೂತಿದ್ದನಂತೆ. ಇಳಿಯಲು ಒಪ್ಪಲಿಲ್ಲ. ಲೂಯಿಸ್ ಪಕ್ಕದಲ್ಲಿ ಕೂತು, ಅಂಗಿ ಹಿಡಿದುಕೊಂಡು, ಮಾತಾಡುತ್ತ ಕೂತ. ಮಧ್ಯಾಹ್ನದಿಂದ ಕತ್ತಲಾಗುವವರೆಗೆ. ಇವತ್ತು ಮೊದಲ ಬಸ್ಸಿಗೆ ಕರೆತಂದ. ಕಾರ್ಕಳ ಸ್ಟ್ಯಾಂಡಿನಲ್ಲಿ ಕರುಣಾಕರ ನಿಂತ ಬಸ್ಸಿಗೆಲ್ಲ "ರೈಟ್! ಹೋಲ್ಡಾನ್!" ಎಂದು ಕೂಗಿದನಂತೆ. ಜನ ಸೇರಿ ನಕ್ಕರು. ಲೂಯಿಸ್ ಅವನ ಕೈ ಬಿಡಲಿಲ್ಲ.

ನಾಲ್ಕು ನನ್ನ ಖಾನೆಯಲ್ಲಿತ್ತು. ಎರಡು ಎಂಬ ಅಂಕೆಯೂ ನನ್ನ ಖಾನೆಯಲ್ಲಿತ್ತು. ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಹೇಳಬೇಕೆಂದುಕೊಂಡೆ. ಆಗಲೂ ಹೇಳಲಿಲ್ಲ.

ಮೇ 13

ಕಾಪುವಿನಿಂದ ಅಪೊಲೋನಿಯಾ ಬಾಯಿ ಬಂದರು. ಮೌರಿಸನ ತಾಯಿ. ಹಿಂದೆ ಕಜೆಟನ್, ಕೊಡೆ ಮಡಚುತ್ತಾ. ಕಾರ್ಕಳ ಸ್ಟ್ಯಾಂಡಿನ ಗುಂಪಿನಲ್ಲಿ ಅವರ ಸಂಬಂಧಿಕರೊಬ್ಬರು ಇದ್ದರಂತೆ.

"ನಿಮ್ಮ ಲೂಯಿಸ್ ಒಬ್ಬ ತಲೆ ಸರಿ ಇಲ್ಲದವನನ್ನು ಹಿಡ್ಕೊಂಡು ನಿಂತಿದ್ದನಂತೆ. ಎಂತ ಅದು?"

ನಾನು ಗೆಳೆಯ, ಉಪಕಾರ ಎಂದೇನೋ ಶುರುಮಾಡಿದೆ. ಸೆಲೀನ ಒಳಗಿನಿಂದ ಹೂವಿನ ದಾರ ಕೈಯಲ್ಲೇ ಹಿಡಿದುಕೊಂಡು ಬಂದಳು.

"ಲೂಯಿಸನಿಗೂ ಅದೇ ಕಾಯಿಲೆ ಉಂಟು ಬಾಯಿ. ನಾಲ್ಕು ವರ್ಷ ಆಯ್ತು, ಮಣಿಪಾಲದ ಮಾತ್ರೆ ತಿಂತಾನೆ. ಬೆನ್ನು ನೋವು ಇಲ್ಲ ಅವನಿಗೆ, ಯಾವತ್ತೂ ಇರ್ಲಿಲ್ಲ."

ಕಜೆಟನ್ ಬಾಯಿ ತೆರೆದು ನನ್ನನ್ನು ನೋಡಿದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ! ಐದು ವಾರ ನಾನು ಬೈದದ್ದು ಪೂರಾ ಈ ಪಾಪದವನಿಗೆ.

ಅಪೊಲೋನಿಯಾ ಬಾಯಿ ಶರಬತ್ತನ್ನು ಅರ್ಧ ಕುಡಿದು ಲೋಟ ಕೆಳಗಿಟ್ಟರು. "ನೀವು ಸುಳ್ಳು ಹೇಳಿದ್ರಿ. ಇಗರ್ಜಿಯಲ್ಲಿ ಮೂರು ಸಲ ಓದಿಸಿ ಆಯ್ತು, ಆಮೇಲೆ ಹೇಳ್ತೀರಿ. ಮೌರಿಸ್‌ಗೆ ಹೇಳ್ತೇನೆ. ಅವನು ಕಾಗದ ಬರೀತಾನೆ." ಹೋದರು.

ಸೆಲೀನ ಒಳಗೆ ಹೋಗಿ ಬಿಟ್ಟ ಹೂವನ್ನು ಕಟ್ಟಿ ಮುಗಿಸಿದಳು. ಅತ್ತದ್ದು ಆಮೇಲೆ.

ಮೇ 14

ಬೆಳಿಗ್ಗೆ ಖಾನೆ ತೆರೆದು ಮೂರೂ ಕವರನ್ನು ಶೇಖರನ ಕಟ್ಟಿನ ಮೇಲೆ ಇಟ್ಟೆ. ಅವನು ತಿರುಗಿಸಿ ನೋಡಿದ. ಕವರಿನ ಹಿಂದೆ ನಮ್ಮ ಆಫೀಸಿನ ಸೀಲು, ಬಂದ ತಾರೀಕು. ಏಪ್ರಿಲ್ 22. ಏಪ್ರಿಲ್ 29. ಮೇ 6. ಕದ್ದ ಕಾಗದಕ್ಕೂ ತಪ್ಪದೆ ಸೀಲು ಹೊಡೆದಿದ್ದೇನೆ. ಕೈಗೆ ಅಷ್ಟು ಅಭ್ಯಾಸ.

ಶೇಖರನಿಗೆ ಎಲ್ಲ ಅರ್ಥವಾಯಿತು. ಮೇಲಕ್ಕೆ ಬರೆಯುತ್ತಾನೆ ಎಂದುಕೊಂಡೆ. ಬರೆಯಲಿ. "ಡೆಲಿವರಿ ಮಾಡ್ತೇನೆ ಸರ್" ಎಂದಷ್ಟೇ ಹೇಳಿ ಚೀಲಕ್ಕೆ ಹಾಕಿಕೊಂಡ. ನನ್ನ ಮುಖ ನೋಡಲಿಲ್ಲ.

ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಲೂಯಿಸ್ ಜಗಲಿಯಲ್ಲಿದ್ದ. ಪೋಸ್ಟಿನವನ ತಮ್ಮನಲ್ಲವೇ, ಮೊದಲು ಕವರಿನ ಹಿಂಬದಿ ನೋಡಿದ. ನಾಲ್ಕು ನೋಡಿದ. ಎರಡು ನೋಡಿದ.

"ನಾಲ್ಕು ಬಂದ ದಿನವೇ ನನಗೆ ಕೊಟ್ಟಿದ್ರೆ ಅದೇ ದಿನ ಹೋಗ್ತಿದ್ದೆ ನಾನು."

ನಾನು ಎಲ್ಲವನ್ನೂ ಹೇಳಿದೆ. ಕಜೆಟನ್, ಸೀಲುಗಳು, ವಾರದ ಲೆಕ್ಕ, ಸೆಲೀನಳ ಮದುವೆ. ಹೇಳುತ್ತಾ ಹೇಳುತ್ತಾ ನನಗೇ ಕೇಳಲಾಗಲಿಲ್ಲ. ಲೂಯಿಸ್ ಸಿಟ್ಟಾಗಿದ್ದ. ಆದರೆ ಕೂಗಲಿಲ್ಲ.

"ಕುವೈತಿನಲ್ಲಿ ನನಗೂ ಹೀಗೇ ಕಾಣ್ತಿತ್ತು ಅಣ್ಣ. ಎಲ್ಲಾ ಲೆಕ್ಕ ಸರಿಯಾಗಿ ಕೂಡ್ತಿತ್ತು."

ಮೂರನೆಯ ಕವರು ಒಡೆದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ನನ್ನ ಕೈಗೆ ಕೊಟ್ಟ. "ದೊಡ್ಡದಾಗಿ ಓದು. ಅಮ್ಮನಿಗೂ ಕೇಳ್ಲಿ."

ಓದಿದೆ. ಓದುಗರ ಪತ್ರ. 'ನಾನು ಮಾತ್ರೆ ತಿನ್ನುವವನು. ಹೂ ಬೆಳೆಯುವವನು, ಓಟು ಹಾಕುವವನು. ಬಸ್ ನಿಲ್ದಾಣದಲ್ಲಿ ಕೂಗಿದ ಆ ಮನುಷ್ಯನಿಗೆ ಹೆಸರಿತ್ತು, ಅದನ್ನು ನಿಮ್ಮ ವರದಿಗಾರರು ಕೇಳಲಿಲ್ಲ. ಕಾಯ್ದೆ ಆ ಶಬ್ದವನ್ನು ಬಿಡುತ್ತಿದೆ. ನೀವು ಯಾವಾಗ ಬಿಡುತ್ತೀರಿ?' ಕೆಳಗೆ: ಎಲ್., ಕಟಪಾಡಿ.

ಹದಿನಾಲ್ಕನೆಯದು. ಹಾಕಿದ್ದಾರೆ. ನಿದ್ದೆ ಕೆಟ್ಟು ಕೆಟ್ಟು ಅಕ್ಷರ ಕೂಡ ನಿಲ್ಲದ ಮನುಷ್ಯ ಅದನ್ನು ಹುಡುಕಿ, ನೆಟ್ಟಗೆ ಕತ್ತರಿಸಿ, ಸ್ಟಾಂಪು ಹಚ್ಚಿ ಕಳುಹಿಸಿದ್ದಾನೆ. ಅಂಚಿನಲ್ಲಿ ಸೊನ್ನೆ.

ಅಮ್ಮ ಇನ್ನೊಮ್ಮೆ ಓದಲು ಹೇಳಿದಳು.

ಮೇ 16, ಶನಿವಾರ

ಚೀಲದಲ್ಲಿ ಕಾಪುವಿನ ಕವರು. ಸೆಲೀನಳಿಗೆ. ಮೌರಿಸನ ಅಕ್ಷರ.

ಚಹದ ಪಾತ್ರೆ ಕುದಿಯುತ್ತಿತ್ತು. ಸೀಲು ಹೊಡೆದೆ, ಶೇಖರನ ಕೈಗೆ ಕೊಟ್ಟೆ. ಅವನು ಹೋದ ಮೇಲೆ ಸಂಜೆಯವರೆಗೆ ಒಂದು ಮನಿಯಾರ್ಡರನ್ನೂ ನೆಟ್ಟಗೆ ಬರೆಯಲಾಗಲಿಲ್ಲ.

ಮನೆಗೆ ಬಂದಾಗ ಸೆಲೀನಳೇ ಕಾಗದ ಕೊಟ್ಟಳು. ಓದು, ಈ ಸಲ ಕದಿಯಬೇಕಾಗಿಲ್ಲ ಎಂದಳು. ನಾಲ್ಕೇ ಸಾಲು. ಮುಚ್ಚಿಟ್ಟದ್ದು ಬೇಸರ ತಂದಿದೆ. ತನ್ನ ಅಮ್ಮನಿಗೆ ಇನ್ನೂ ಸಿಟ್ಟುಂಟು. ತಾರೀಕು ಬದಲಿಸುವುದಿಲ್ಲ. ಆದರೆ ಮದುವೆಯ ದಿನ ಲೂಯಿಸ್ ಮನೆಯಲ್ಲಿ ಉಳಿಯಬಾರದು, ಇಗರ್ಜಿಯಲ್ಲಿ ಎದುರಿನ ಬೆಂಚಿನಲ್ಲಿ ಕೂರಬೇಕು.

ಎದುರಿನ ಬೆಂಚು ಯಾಕೆ? ಎಲ್ಲರೂ ನೋಡಿ ಆಡಿಕೊಳ್ಳಲಿ ಎಂದೇ? ಹೀಗೆ ಯೋಚಿಸಿ, ಆಮೇಲೆ ನನಗೇ ನಗು ಬಂತು. ತುಂಬ ದಿನದ ಮೇಲೆ ಬಂದ ನಗು.

ಮೇ 18

ಲೂಯಿಸ್ ಮಣಿಪಾಲಕ್ಕೆ ಹೋಗಿ ಬಂದ. ಕರುಣಾಕರ ನಿನ್ನೆ ಆರು ಗಂಟೆ ಮಲಗಿದನಂತೆ. ನರ್ಸಿನ ಹತ್ತಿರ ಪೇಪರ್ ಕತ್ತರಿಸಲು ಕತ್ತರಿ ಕೇಳಿದನಂತೆ, ಅವರು ಕೊಡಲಿಲ್ಲ. ಲೂಯಿಸ್ ನಗುತ್ತಾ ಹೇಳಿದ. ನನ್ನ ಜೊತೆ ಇನ್ನೂ ಮೊದಲಿನ ಹಾಗೆ ಮಾತಿಲ್ಲ. ಬರಬಹುದು.

ಊಟವಾದ ಮೇಲೆ ನನ್ನ ಮೇಜಿನ ಎದುರು ಒಂದು ಕ್ಯಾಲೆಂಡರು ನೇತುಹಾಕಿದ. ದಾರದಲ್ಲಿ ಕಟ್ಟಿದ ನೇರಳೆ ಪೆನ್ಸಿಲು.

"ಇದೆಂತ?"

"ಕರುಣಾಕರ ಕೊಟ್ಟದ್ದು, ನಿನಗೆ. ಎದ್ದ ಕೂಡಲೇ ಬರಿ. ಸುಳ್ಳು ಬರೀಬೇಡ."

ಮೇ 19, ಮಂಗಳವಾರ. ಬೆಳಿಗ್ಗೆ

ಸಂಜೆಗೆ ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ನೆಂಟರು ಹತ್ತು ಗಂಟೆಯಿಂದಲೇ ಬರುತ್ತಾರೆ. ಚಪ್ಪರಕ್ಕೆ ಇನ್ನೂ ಎರಡು ಕಂಬ ಬೇಕು. ಅದಿರಲಿ.

ನಿನ್ನೆ ಮಲಗಿದ್ದು ಹತ್ತೂವರೆಗೆ. ಹನ್ನೆರಡು ಹೊಡೆದದ್ದು ಕೇಳಿದೆ. ಎರಡು ಹೊಡೆದದ್ದೂ ಕೇಳಿದೆ. ಮೂರು ಕೇಳಲಿಲ್ಲ. ಲೂಯಿಸ್ ಹೂ ಕೊಯ್ಯಲು ಬಾಗಿಲು ತೆಗೆದ ಸದ್ದಿಗೆ ಎಚ್ಚರವಾಯಿತು, ಆಗ ನಾಲ್ಕೂಕಾಲು. ಮೊನ್ನೆಯೂ ಹಾಗೇ. ಮಾರ್ಚಿನಿಂದಲೂ ಹಾಗೇ ಇರಬೇಕು, ಯಾರು ಲೆಕ್ಕ ಇಟ್ಟಿದ್ದಾರೆ?

ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಎಷ್ಟು ಎಂದು ಕೇಳುತ್ತಿದ್ದಾನೆ. ಏಳು ಎಂದು ಬರೆದುಬಿಡಬಹುದು. ಆದರೆ ಅವನು ನನ್ನ ಕೈಯನ್ನೇ ನೋಡುತ್ತಿದ್ದಾನೆ, ಪೆನ್ಸಿಲನ್ನು ನೋಡುತ್ತಿದ್ದಾನೆ. ಬರೆಯುತ್ತೇನೆ. ನಿನ್ನೆ ನನ್ನ ನಿದ್ದೆ —